ಕಿವಿಯ ಹಿಂದಿನ ಬೊಟ್ಟು

ಮಾರ್ಚ್ ೪

ಅತ್ತಿಗೆಗೆ ನಮಸ್ಕಾರ.

ಫೋನ್ ಮಾಡುವುದು ಬಿಟ್ಟು ಇವಳೇನು ಕಾಗದ ಬರೆಯುತ್ತಿದ್ದಾಳೆ, ಅದೂ ನಿಮ್ಮ ಟೈಲರಿಂಗ್ ಅಂಗಡಿಯ ವಿಳಾಸಕ್ಕೆ, ಎಂದು ನಿಮಗೆ ಆಶ್ಚರ್ಯವಾಗಿರಬೇಕು. ಇದು ಫೋನಿನಲ್ಲಿ ಹೇಳುವ ವಿಷಯವಲ್ಲ. ಅಣ್ಣ ಹತ್ತಿರದಲ್ಲಿದ್ದರೆ ಅವನಿಗೆ ಕೇಳಿಸುತ್ತದೆ. ಅವನಿಗೆ ಏನೇನು ಕೇಳಿಸುತ್ತಿದೆಯೋ ಎಂಬುದೇ ಈಗ ನನ್ನ ಭಯ. ಓದಿ ನಗಬೇಡಿ.

ನಿನ್ನೆ ಸ್ಟುಡಿಯೋದಲ್ಲಿ ಶೂಟಿಂಗ್ ಮುಗಿದ ಮೇಲೆ, ತಾತನ ಪಾತ್ರ ಮಾಡುವ ಹಿರಿಯ ನಟರ ಮೇಕಪ್ ತೆಗೆಯುತ್ತಿದ್ದೆ. ಇಲ್ಲಿ ಎಲ್ಲರೂ ತಮ್ಮ ಮುಖ ತಾವೇ ಒರೆಸಿಕೊಂಡು ಮನೆಗೆ ಓಡುತ್ತಾರೆ. ಆ ಮನುಷ್ಯ ಮಾತ್ರ ಕಣ್ಣು ಮುಚ್ಚಿ ಕೂತು ನನ್ನ ಕೈಯಲ್ಲೇ ತೆಗೆಸಿಕೊಳ್ಳುತ್ತಾರೆ. ಮುಗಿಯಿತು ಎಂದು ಹತ್ತಿ ಬಿಸಾಡಿದೆ. ಅವರು ಕನ್ನಡಿಯ ಮುಂದೆ ಕತ್ತು ತಿರುಗಿಸಿ, "ಕಿವಿ ಹಿಂದೆ ಹಾಗೇ ಬಿಟ್ಟಿದ್ದೀಯಲ್ಲಮ್ಮ" ಅಂದರು. ಅಷ್ಟೇ. ನನಗೆ ತಟ್ಟನೆ ಅಣ್ಣನ ಕಿವಿ ನೆನಪಾಯಿತು.

ನೀವು ಮದುವೆಯಾಗಿ ಬಂದವರು. ಮುಖ ಬರೆಯುವ ಕೋಣೆಯೊಳಗೆ ನಿಮ್ಮನ್ನು ಯಾರೂ ಬಿಟ್ಟಿಲ್ಲ. ವರ್ಷಕ್ಕೊಮ್ಮೆ ಅಣ್ಣನ ಮುಖದ ಮೇಲೆ ನಾನು ಊರಿನ ದೈವವಾದ ದೊಡ್ಡವರ ಮುಖ ಬರೆಯುವುದು, ಅವನು ಮಣೆಯ ಮೇಲೆ ಕೂತು, ಊರಿನವರು ಕೇಳಿದ್ದಕ್ಕೆಲ್ಲ ದೊಡ್ಡವರ ದನಿಯಲ್ಲಿ ಉತ್ತರ ಹೇಳುವುದು, ಇಷ್ಟನ್ನು ಹೊರಗಿನಿಂದ ನೋಡಿದ್ದೀರಿ. ಆ ಹೊತ್ತಿನಲ್ಲಿ ಅವನನ್ನು ಅಣ್ಣ ಎಂದಾಗಲಿ ಅಪ್ಪ ಎಂದಾಗಲಿ ಕರೆಯಬಾರದು ಎಂಬುದೂ ನಿಮಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ. ಬಿಳಿ ಮಣ್ಣು, ಕಾಡಿಗೆ ಎಲ್ಲಕ್ಕಿಂತ ಮೊದಲು, ಬಲಗಿವಿಯ ಹಿಂದೆ ಒಂದು ಕೆಂಪು ಬೊಟ್ಟು ಇಡುತ್ತೇವೆ. ಎಣ್ಣೆಯಲ್ಲಿ ಅರೆದ ಕೆಂಪು ಕಲ್ಲು. ಅದು ಯಾರಿಗೂ ಕಾಣುವುದಿಲ್ಲ. ಅಪ್ಪ ಅದನ್ನು ಕೇಳುವ ಬೊಟ್ಟು ಅನ್ನುತ್ತಿದ್ದ. ದೊಡ್ಡವರ ಮುಖ ಬರುವುದಕ್ಕೆ ಮುಂಚೆ ಅವರ ಕಿವಿ ಬರಬೇಕು ಎಂಬುದು ಅವನ ಮಾತು. ಒರೆಸುವಾಗ ಗಲ್ಲದಿಂದ ಶುರುಮಾಡಿ ಮೇಲಕ್ಕೆ ಹೋಗುತ್ತೇವೆ. ಮುಖವೆಲ್ಲ ಹೋದ ಮೇಲೆ "ಸಾಕೇ?" ಎಂದು ಕೇಳಬೇಕು. ಅವನು "ಸಾಕು" ಅನ್ನಬೇಕು. ಆಗ ಬೊಟ್ಟು ಒರೆಸಿ "ಅಣ್ಣಾ" ಎಂದು ಕರೆಯಬೇಕು. ಇಟ್ಟ ಕೈಯೇ ತೆಗೆಯಬೇಕು.

ಈ ಸಲ ಮುಖ ಬರೆದ ದಿನ ನನಗೆ ಬಸ್ಸಿನ ಗಡಿಬಿಡಿ. ಹಣೆ ಒರೆಸುತ್ತಿದ್ದಾಗಲೇ, ನಾನಿನ್ನೂ ಕೇಳುವ ಮುಂಚೆಯೇ, ಅಣ್ಣ "ಸಾಕು, ಬಸ್ಸು ಹೊರಡುತ್ತೆ, ಹೋಗು" ಅಂದ. ಸಾಕು ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಕೈ ನಿಂತುಬಿಟ್ಟಿತು. ಬಟ್ಟೆ ಮಡಿಸಿ ಎದ್ದುಬಿಟ್ಟೆ. ಬೊಟ್ಟು ಒರೆಸಿದೆನೇ? ಎಷ್ಟು ನೆನಪು ಮಾಡಿಕೊಂಡರೂ ಒರೆಸಿದ್ದು ನೆನಪಿಗೆ ಬರುತ್ತಿಲ್ಲ.

ಹೇಗಾದರೂ ಮಾಡಿ ಅವನ ಬಲಗಿವಿಯ ಹಿಂದೆ ನೋಡಿ ಬರೆಯಿರಿ. ಯಾಕೆ ನೋಡುತ್ತಿದ್ದೀರಿ ಎಂದು ಮಾತ್ರ ಬಾಯಿಬಿಡಬೇಡಿ.

ನಿಮ್ಮ ನಾದಿನಿ


ಮಾರ್ಚ್ ೧೫

ನಾದಿನಿಗೆ ಆಶೀರ್ವಾದ.

ನಗಬೇಡಿ ಎಂದು ನೀನು ಅಂದಿದ್ದೆ; ನಾನು ನಕ್ಕುಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡ. ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕುವವಳು ಪಕ್ಕದಿಂದ ಇಣುಕಿ ಲವ್ ಲೆಟರಾ ಎಂದು ಕೇಳಿದಳು. ಹೌದು ಕಣೆ, ನನ್ನ ಗಂಡನ ಕಿವಿಗೆ ಬಂದಿರುವ ಲವ್ ಲೆಟರು ಅಂದೆ. ಊರಿಗೆ ಬಂದಾಗಲೆಲ್ಲ ಇದೊಂದು ಕಲೆ ಅತ್ತಿಗೆ, ನಂಬಿಕೆ ಗಿಂಬಿಕೆ ಬೇರೆ ಎಂದು ನನಗೆ ಪಾಠ ಮಾಡಿದವಳು ನೀನು. ಈಗ ನೀನೇ ಹೆದರಿ ಮುದುಡಿಕೊಂಡರೆ ನಾನೇನು ಹೇಳಲಿ?

ಆದರೂ ನಿನ್ನ ಸಮಾಧಾನಕ್ಕೆ ನೋಡಿದೆ. ಭಾನುವಾರ ತಲೆಗೆ ಎಣ್ಣೆ ಹಚ್ಚುತ್ತೇನೆ ಎಂದು ಕೂರಿಸಿಕೊಂಡೆ. ಇಷ್ಟು ವರ್ಷದಲ್ಲಿ ನಾನಾಗಿಯೇ ಎಣ್ಣೆ ಹಚ್ಚುತ್ತೇನೆ ಅಂದದ್ದು ಇದೇ ಮೊದಲು, ಅವರಿಗೂ ಅನುಮಾನ ಬಂದಿರಬೇಕು. ಬಲಗಿವಿ ಮಡಿಸಿ ಚೆನ್ನಾಗಿ ನೋಡಿದೆ. ಕೆಂಪೂ ಇಲ್ಲ, ಕಪ್ಪೂ ಇಲ್ಲ. ಒಂದಿಷ್ಟು ಮರದ ಹೊಟ್ಟು ಇತ್ತು. ಮರದ ಮಿಲ್ಲಿನಿಂದ ಬಂದವರ ಮೈಮೇಲೆ ಇನ್ನೇನು ಇರುತ್ತದೆ? ನಿನ್ನ ಬೊಟ್ಟು ಸ್ನಾನದ ನೀರಿನಲ್ಲಿ ಎಂದೋ ಹರಿದುಹೋಗಿದೆ, ನಿಶ್ಚಿಂತೆಯಿಂದ ಮಲಗು.

ನಿಮ್ಮಣ್ಣ ಚೆನ್ನಾಗಿದ್ದಾರೆ. ಮಾತು ಸ್ವಲ್ಪ ಕಮ್ಮಿಯಾಗಿದೆ, ನನಗೆ ಅದೂ ಒಂದು ಆರಾಮ. ನಮ್ಮ ಕಡ್ಡಿ ಎರಡನೇ ಕ್ಲಾಸು ಮುಗಿಸುತ್ತಿದ್ದಾಳೆ, ಇನ್ನೂ ಕಡ್ಡಿಯ ಹಾಗೆಯೇ ಇದ್ದಾಳೆ. ಅವಳು ಅಪ್ಪಾ ಎಂದು ಕರೆದರೆ ಒಂದೊಂದು ಸಲ ಅವರು ತಿರುಗುವುದೇ ಇಲ್ಲ. ದಿನವಿಡೀ ಗರಗಸದ ಪಕ್ಕ ನಿಂತು ಹಲಗೆ ಜೋಡಿಸುವವರ ಕಿವಿ ಮಂದವಾಗದೆ ಇರುತ್ತದೆಯೇ? ಆದರೆ ಪಕ್ಕದ ಮನೆಯವರು ಗೋಡೆಯಾಚೆ ಪಿಸುಗುಟ್ಟಿದ್ದು ಮಾತ್ರ ಹೇಗೋ ಕೇಳಿಸುತ್ತದೆ. ಗಂಡಸರ ಕಿವಿಯೇ ಹಾಗೆ.

ಒಂದು ಸಣ್ಣ ವಿಷಯ. ಎಣ್ಣೆ ಹಚ್ಚುವಾಗ ನಾನು ಒಂದು ಮಾತನ್ನೂ ಆಡಿರಲಿಲ್ಲ. ಕಿವಿ ಬಿಟ್ಟ ಮೇಲೆ ಅವರು "ಸಿಕ್ತಾ?" ಎಂದು ಕೇಳಿದರು. ಏನು ಎಂದೆ. ಟವೆಲ್ ಎತ್ತಿಕೊಂಡು ಸ್ನಾನಕ್ಕೆ ಹೋದರು. ಹೊಟ್ಟಿನ ವಿಷಯ ಕೇಳಿರಬೇಕು.

ನಿನ್ನ ಅತ್ತಿಗೆ


ಮಾರ್ಚ್ ೨೮

ಅತ್ತಿಗೆಗೆ,

"ಸಿಕ್ತಾ" ಎಂಬ ಆ ಮಾತು ಓದಿದಾಗಿನಿಂದ ನನಗೆ ನೆಮ್ಮದಿಯಿಲ್ಲ. ನೀರಿಗೆ ಹೋಗುವುದು ಬಣ್ಣ ಮಾತ್ರ ಎಂದು ಅಪ್ಪ ಹೇಳುತ್ತಿದ್ದ. ಬೊಟ್ಟು ಹೋಗಬೇಕಾದರೆ ಇಟ್ಟ ಕೈ ಬೇಕು, ಎಣ್ಣೆಬಟ್ಟೆ ಬೇಕು, ಅವನ ಬಾಯಿಂದ ಸಾಕು ಎಂಬ ಮಾತೂ ಬೇಕು.

ನಂಬಿಕೆಯಿಲ್ಲ ಎಂದು ಹೇಳಿಕೊಂಡು ತಿರುಗಿದವಳು ನಾನೇ, ಒಪ್ಪುತ್ತೇನೆ. ಇಲ್ಲಿ ಕೇಳುವವರಿಗೆಲ್ಲ ನಮ್ಮದು ಮುಖದ ಮೇಲೆ ಚಿತ್ರ ಬರೆಯುವ ಮನೆತನ ಎಂದು ಜಂಬದಿಂದ ಹೇಳುತ್ತಿದ್ದೆ, ಫೋಟೋ ತೋರಿಸುತ್ತಿದ್ದೆ. ಮೊನ್ನೆ ನಮ್ಮ ಧಾರಾವಾಹಿಯ ನಿರ್ದೇಶಕರು ಆ ಫೋಟೋ ನೋಡಿ, ಇದೇ ಮುಖವನ್ನು ನಮ್ಮ ವಿಲನ್‌ಗೆ ಹಾಕು, ಎಪಿಸೋಡ್ ಎದ್ದು ನಿಲ್ಲುತ್ತದೆ ಅಂದರು. ಆಯಿತು ಎಂದು ಬ್ರಷ್ ಹಿಡಿದೆ. ಕುರ್ಚಿಯಲ್ಲಿ ಕೂತವನು ಒಳ್ಳೆಯ ಮನುಷ್ಯ, ಏನೋ ತಮಾಷೆ ಮಾಡುತ್ತಿದ್ದ. ನನ್ನ ಕೈ ತಾನಾಗಿಯೇ ಅವನ ಬಲಗಿವಿಯ ಹಿಂದಕ್ಕೆ ಹೋಯಿತು. ಯಾರೂ ಹೇಳಿರಲಿಲ್ಲ, ಅಲ್ಲಿ ಕ್ಯಾಮೆರಾಗೆ ಏನೂ ಕಾಣುವುದೂ ಇಲ್ಲ. ಬ್ರಷ್ ಕೆಳಗಿಟ್ಟು, ಹೊಟ್ಟೆನೋವು ಎಂದು ಸುಳ್ಳು ಹೇಳಿ ಹೊರಗೆ ಬಂದುಬಿಟ್ಟೆ. ನಿರ್ದೇಶಕರು ಇನ್ನೂ ಮುಖ ಕೊಟ್ಟು ಮಾತನಾಡುತ್ತಿಲ್ಲ.

ಒಂದು ಪರೀಕ್ಷೆ ಮಾಡಿ ಅತ್ತಿಗೆ. ಅಣ್ಣ ಹಿತ್ತಲಿನಲ್ಲಿದ್ದಾಗ ನೀವು ಒಳಗೆ ಬಾಗಿಲು ಹಾಕಿಕೊಂಡು ಏನಾದರೂ ಒಂದು ಪ್ರಶ್ನೆಯನ್ನು ಪಿಸುಗುಟ್ಟಿ. ರೀ ಎಂದು ಕರೆಯಬೇಡಿ. ಪ್ರಶ್ನೆಯನ್ನಷ್ಟೇ ಕೇಳಿ.

ಧಾರಾವಾಹಿ ದಿನವೂ ಬರುವುದರಿಂದ ಮೇ ಕೊನೆಯವರೆಗೆ ರಜೆ ಕೊಡುವುದಿಲ್ಲ ಅನ್ನುತ್ತಿದ್ದಾರೆ. ಆಮೇಲೆ ಏನಾದರೂ ಸರಿ, ಬಂದೇ ಬರುತ್ತೇನೆ.

ನಿಮ್ಮ ನಾದಿನಿ


ಏಪ್ರಿಲ್ ೨೦

ನಾದಿನಿಗೆ,

ಬರೆಯಲು ತಡವಾಯಿತು. ಬರೆಯಬಾರದು ಎಂದೇ ಇದ್ದೆ. ಬರೆದರೆ ನಿಜವಾಗಿಬಿಡುತ್ತದೆ ಅನ್ನಿಸುತ್ತಿತ್ತು.

ನೀನು ಹೇಳಿದ ಪರೀಕ್ಷೆ ಮಾಡಿದೆ. ತಮಾಷೆಗೇ ಮಾಡಿದೆ. ನನ್ನ ದೊಡ್ಡ ಕತ್ತರಿ ಕಳೆದುಹೋಗಿ ಸುಮಾರು ದಿನವಾಗಿತ್ತು. ಅವರು ಹಿತ್ತಲಿನಲ್ಲಿ ಸೌದೆ ಒಡೆಯುತ್ತಿದ್ದರು. ನಾನು ಕೋಣೆಯ ಬಾಗಿಲು ಹಾಕಿ, ದಿಂಬಿಗೆ ಬಾಯಿಟ್ಟು, ಕತ್ತರಿ ಎಲ್ಲಿ ಎಂದು ಕೇಳಿದೆ. ಕೊಡಲಿಯ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಬಾಗಿಲಿನ ಆಚೆಯಿಂದ, "ಮಿಷನ್ನಿನ ಹಿಂದೆ ಇದೆ. ಗೋಡೆಗೆ ಒರಗಿಕೊಂಡಿದೆ" ಎಂಬ ದನಿ ಬಂತು. ಅದು ಮಣೆಯ ಮೇಲೆ ಕೂತಾಗ ಬರುವ ದನಿ. ಮನೆಯ ಹೊಲಿಗೆ ಮಿಷನ್ನಿನ ಹಿಂದೆ ಕತ್ತರಿ ಇತ್ತು. ಅದನ್ನು ಕೈಗೆ ತೆಗೆದುಕೊಳ್ಳಲು ನನಗೆ ಧೈರ್ಯವಾಗಲಿಲ್ಲ, ಇವತ್ತಿಗೂ ಅಲ್ಲೇ ಬಿಟ್ಟಿದ್ದೇನೆ. ಅಂಗಡಿಯಲ್ಲಿ ಬೇರೆಯವರ ಕತ್ತರಿ ಕೇಳಿಕೊಂಡು ಕೆಲಸ ಮಾಡುತ್ತಿದ್ದೇನೆ.

ಇನ್ನೊಂದು ನಡೆಯಿತು. ಮಿಲ್ಲಿನಲ್ಲಿ ಗರಗಸ ನಡೆಸುವ ಮೇಸ್ತ್ರಿ ಟೀ ಹೊತ್ತಿನಲ್ಲಿ ಎಲ್ಲರನ್ನೂ ನಗಿಸಲು ಇವರ ಮುಂದೆ ಕೈಮುಗಿದು, ದೊಡ್ಡವರೇ, ನನ್ನ ಗತಿ ಏನು ಅಂದರಂತೆ. ಇವರು ಲೋಟ ಕೆಳಗಿಟ್ಟು "ಎಡಗೈ ಜೋಪಾನ" ಅಂದರಂತೆ. ಆ ವಾರದಲ್ಲೇ ಮೇಸ್ತ್ರಿಯ ಎಡಗೈ ಬೆರಳುಗಳು ಗರಗಸಕ್ಕೆ ಹೋದವು. ಪಾಪ, ಎಡಗೈಯನ್ನೇ ನೋಡುತ್ತ ಕೆಲಸ ಮಾಡಿದ್ದಕ್ಕೇ ಹಾಗಾಯಿತು ಎಂದು ಕೆಲವರು ಅನ್ನುತ್ತಾರೆ. ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೇನೆ. ಆದರೆ ಮಿಲ್ಲಿನ ಯಜಮಾನ, ಯಾವಾಗಲೂ ಇವರನ್ನು "ಏಯ್, ಬಾರೋ ಇಲ್ಲಿ" ಎಂದು ಕೂಗುತ್ತಿದ್ದವನು, ಈಗ ತನ್ನ ಆಫೀಸಿನೊಳಗೆ ಕುರ್ಚಿ ಹಾಕಿ ಕೂತುಕೊಳ್ಳಿ ಅನ್ನುತ್ತಾನಂತೆ. ಹಲಗೆ ಹೊರಲು ಬಿಡುತ್ತಿಲ್ಲ.

ಇದನ್ನು ಹೇಳುವಾಗ ನಿಮ್ಮಣ್ಣನ ಮುಖದಲ್ಲಿ ಒಂದು ನಗೆ ಬಂತು. ಅದು ಮಾತ್ರ ಅವರದೇ ನಗೆ.

ಅತ್ತಿಗೆ


ಮೇ ೧೮

ನಾದಿನಿಗೆ,

ನಿನ್ನ ರಜೆ ಎಲ್ಲಿಗೆ ಬಂತು? ಕೆಲಸ ಹೋದರೆ ಹೋಗಲಿ, ಬಂದುಬಿಡು.

ಈಗ ದಿನವೂ ಜನ ಬರುತ್ತಾರೆ. ಅವರು ಬರೆಯುವ ಕೋಣೆಯಿಂದ ಮಣೆಯನ್ನು ಹೊರಗೆ ತಂದು ಜಗಲಿಯಲ್ಲಿ ಹಾಕಿಕೊಂಡಿದ್ದಾರೆ. ಮುಖ ಬರೆದಿಲ್ಲ, ಏನಿಲ್ಲ, ಬರೀ ಮುಖ. ಅದೇ ಹೆದರಿಕೆ ನನಗೆ. ಬಣ್ಣ ಇದ್ದಾಗ ಯಾರು ಮಾತಾಡುತ್ತಿದ್ದಾರೆ ಎಂದಾದರೂ ತಿಳಿಯುತ್ತಿತ್ತು.

ಕಳೆದ ವಾರ ಒಬ್ಬಾಕೆ ಬಂದಳು. ಗಂಡ ಆಸ್ಪತ್ರೆಯಲ್ಲಿ ಮಲಗಿದ್ದಾರೆ, ಎದ್ದು ಮನೆಗೆ ಬರುತ್ತಾರೆಯೇ ಎಂದು ಕೇಳಿದಳು. ಹಿಂದೆಲ್ಲ ಇಂಥ ಪ್ರಶ್ನೆ ಬಂದರೆ ಇವರು ಏನಾದರೂ ಧೈರ್ಯದ ಮಾತು ಹೇಳಿ ಕಳಿಸುತ್ತಿದ್ದರು. ಈ ಸಲ ಅವಳ ಮುಖವನ್ನೂ ನೋಡದೆ "ಇಲ್ಲ" ಅಂದರು. ಅವಳು ಅಳಲಿಲ್ಲ. ತಿರುಗಿ ನನ್ನನ್ನು ನೋಡಿದಳು, ನಾನೇ ಹೇಳಿಸಿದೆನೋ ಎಂಬ ಹಾಗೆ. ಎರಡು ದಿನದಲ್ಲಿ ಅವನು ಹೋದ. ಆಮೇಲೆ ನಮ್ಮ ಬೀದಿಯವರು ನನಗೆ ಬ್ಲೌಸ್ ಹೊಲಿಯಲು ಕೊಡುವುದನ್ನು ನಿಲ್ಲಿಸಿದ್ದಾರೆ. ಎದುರಿಗೆ ಬಂದರೆ ಆ ಕಡೆಯ ಅಂಚಿಗೆ ಹೋಗುತ್ತಾರೆ. ಆದರೆ ಕತ್ತಲಾಗುವ ಮುಂಚೆ ಅವರೇ ಒಬ್ಬೊಬ್ಬರಾಗಿ ಜಗಲಿಗೆ ಬಂದು ಕೈಕಟ್ಟಿ ನಿಲ್ಲುತ್ತಾರೆ.

ಮನೆಯಲ್ಲಿ ನಾವು ಮಾತಾಡುವುದನ್ನು ಬಿಟ್ಟಿದ್ದೇವೆ. ಏನು ಆಡಿದರೂ ಕೇಳಿಸುತ್ತದೆ, ಯಾವ ಮಾತು ಪ್ರಶ್ನೆಯಾಗಿಬಿಡುತ್ತದೋ ಗೊತ್ತಾಗುವುದಿಲ್ಲ. ಅನ್ನಕ್ಕೆ ಇಡಲೇ ಎಂದು ಕೇಳಲೂ ಭಯ. ಕಡ್ಡಿ ತನ್ನ ಸ್ಲೇಟಿನಲ್ಲಿ ಬರೆದು ನನಗೆ ತೋರಿಸುತ್ತಾಳೆ, ನಾನು ಅದರಲ್ಲೇ ಬರೆದು ಉತ್ತರ ಕೊಡುತ್ತೇನೆ, ಆಮೇಲೆ ಅಳಿಸುತ್ತೇವೆ. ನಿನ್ನೆ ಅವಳು, "ಅಪ್ಪ ಎಲ್ಲಿಗೆ ಹೋಗಿದ್ದಾರೆ?" ಎಂದು ಬರೆದಳು. ಅವರು ಜಗಲಿಯಲ್ಲೇ ಕೂತಿದ್ದರು, ಬಾಗಿಲಿನಿಂದ ಬೆನ್ನು ಕಾಣುತ್ತಿತ್ತು. ನಾನು ಏನು ಬರೆಯಲಿ? ಕೊನೆಗೆ "ಅತ್ತೆ ಬಂದು ಕರೆದುಕೊಂಡು ಬರುತ್ತಾರೆ" ಎಂದು ಬರೆದೆ. ಮಗುವಿಗೆ ಸುಳ್ಳು ಹೇಳಿದ ಹಾಗೆ ಆಗಬಾರದು.

ನನಗೆ ತುಂಬಾ ಭಯವಾಗುತ್ತಿದೆ. ಬೇರೆ ಹೇಗೆ ಬರೆಯಲಿ ಗೊತ್ತಿಲ್ಲ.

ನಿನ್ನ ಅತ್ತಿಗೆ


ಜೂನ್ ೯

ಅಣ್ಣನಿಗೆ,

ಅಣ್ಣ ಎಂದೇ ಬರೆಯುತ್ತಿದ್ದೇನೆ. ಆಗುವುದು ಆಗಲಿ.

ನಿನ್ನ ಮನೆಗೆ ಬಂದು, ನಿನ್ನ ಮುಂದೆ ನೆಲದ ಮೇಲೆ ಕೂತು, ಎಣ್ಣೆಬಟ್ಟೆ ಹಿಡಿದು "ಸಾಕೇ?" ಎಂದು ಕೇಳಿದೆ. ಒಂದು ಸಲವಲ್ಲ, ಗಂಟಲು ಒಣಗುವವರೆಗೆ ಕೇಳಿದೆ. ನೀನು ಉತ್ತರ ಕೊಡಲಿಲ್ಲ. ನಿನ್ನ ಹಿಂದೆ ನಿಂತಿದ್ದ ಜನ ನನ್ನನ್ನು ಕಳ್ಳಿಯನ್ನು ನೋಡುವ ಹಾಗೆ ನೋಡಿದರು. ಕಿವಿಯ ಹತ್ತಿರ ಕೈ ತಂದಾಗ ನೀನು ನನ್ನ ಮಣಿಕಟ್ಟು ಹಿಡಿದುಕೊಂಡು, "ಬರೆಯುವವಳೇ, ಅಪ್ಪಣೆಯಿಲ್ಲದೆ ಮುಟ್ಟಬೇಡ" ಅಂದೆ. ಮಣಿಕಟ್ಟಿನ ಮೇಲೆ ಇನ್ನೂ ನಿನ್ನ ಬೆರಳಿನ ಗುರುತು ಇದೆ.

ಎಳೆದು ಒರೆಸಿಬಿಡುತ್ತಿದ್ದೆ, ನಾನೇನು ನಾಜೂಕಿನವಳಲ್ಲ. ಆದರೆ ಅಪ್ಪ ಹೇಳಿದ್ದು ನಿನಗೂ ನೆನಪಿದೆ. ಸಾಕು ಎಂಬ ಮಾತಿಲ್ಲದೆ ಬೊಟ್ಟು ಒರೆಸಿದರೆ ಒಳಗಿರುವ ಇಬ್ಬರಲ್ಲಿ ಒಬ್ಬರು ಹೋಗುತ್ತಾರೆ, ಯಾರು ಹೋಗುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ. ಅದಕ್ಕೇ ಬಟ್ಟೆ ಮಡಿಸಿದೆ. ಕಡ್ಡಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ನಾನು ಕರೆದುಕೊಂಡು ಬರುತ್ತೇನೆ ಎಂದು ಆ ಮಗು ನಂಬಿಕೊಂಡಿತ್ತು. ಬಸ್ಸಿಗೆ ಹೊರಟಾಗ ಅವಳು ನನ್ನ ಹತ್ತಿರವೂ ಬರಲಿಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ದಾರಿಯುದ್ದಕ್ಕೂ ಹೆದರುತ್ತ ಬಂದೆ, ನಿನ್ನ ಕಣ್ಣಲ್ಲಿ ದೊಡ್ಡವರು ಕಂಡರೆ ಏನು ಮಾಡಲಿ ಎಂದು. ಕಂಡದ್ದು ನೀನು. ಚಿಕ್ಕಂದಿನಲ್ಲಿ ಮಂಚದ ಕೆಳಗೆ ಅಡಗಿ ಕೂತು, ಅಮ್ಮ ಅಳುತ್ತ ಮನೆಯೆಲ್ಲ ಹುಡುಕಿದರೂ ಹೊರಗೆ ಬಾರದೆ ಇದ್ದೆಯಲ್ಲ, ಅದೇ ಕಣ್ಣು. ಅದನ್ನು ನೋಡಿದ ಮೇಲೆ ನನಗೆ ಇನ್ನೂ ಹೆಚ್ಚು ಭಯವಾಯಿತು.

ಅಣ್ಣಾ, ನೀನು ಒಳಗೇ ಇದ್ದರೆ ಹೊರಗೆ ಬಾ.

ನಿನ್ನ ತಂಗಿ


ಜುಲೈ ೩೦

ತಂಗಿಗೆ,

ಹೌದು, ಒಳಗೇ ಇದ್ದೆ.

ಬೊಟ್ಟು ಉಳಿದದ್ದು ನನಗೆ ಅವತ್ತೇ ಗೊತ್ತಿತ್ತು. ನೀನು ಮರೆತದ್ದಲ್ಲ, ನಾನು ಮರೆಸಿದ್ದು. ನಿನ್ನ ಕೈ ಹಣೆಗೆ ಬಂದಾಗ, ಸಾಕು ಅಂದರೆ ಕೈ ನಿಲ್ಲುತ್ತದೆ ಎಂದು ಗೊತ್ತಿದ್ದೇ ಅಂದೆ. ಬಸ್ಸಿನ ಮಾತೂ ಅದಕ್ಕೇ ಎತ್ತಿದೆ. ಯಾಕೆ ಎಂದು ಕೇಳುತ್ತೀಯ. ವರ್ಷಕ್ಕೆ ಒಂದು ದಿನ ಮಿಲ್ಲಿನ ಯಜಮಾನ ನನ್ನ ಮುಂದೆ ಚಪ್ಪಲಿ ಬಿಟ್ಟು ತಲೆ ಬಗ್ಗಿಸಿ ನಿಲ್ಲುತ್ತಾನೆ. ಮಾರನೆಯ ಬೆಳಿಗ್ಗೆ ಅದೇ ಬಾಯಿ "ಏಯ್" ಅನ್ನುತ್ತದೆ. ಅಪ್ಪನಿಗೂ ಹೀಗೇ ಅಂದರು. ಅಪ್ಪ ನಗುತ್ತ ಹೋಗುತ್ತಿದ್ದ, ಹೇಗೆ ನಗುತ್ತಿದ್ದನೋ. ನನಗೆ ಆ ಮಾರನೆಯ ಬೆಳಿಗ್ಗೆ ಬೇಡವಾಗಿತ್ತು. ಒಂದೇ ಒಂದು ಸಲ ಬೇಡವಾಗಿತ್ತು.

ಮೊದಮೊದಲು ನಟಿಸುತ್ತಿದ್ದೆ. ಕತ್ತರಿ ಬಿದ್ದದ್ದನ್ನು ನಾನೇ ನೋಡಿದ್ದೆ. ಮೇಸ್ತ್ರಿ ಎಡಗೈಯನ್ನು ಗರಗಸಕ್ಕೆ ಹತ್ತಿರ ಹಿಡಿಯುತ್ತಾನೆ ಎಂದು ಮಿಲ್ಲಿನಲ್ಲಿ ಎಲ್ಲರಿಗೂ ಗೊತ್ತು. ಕಡ್ಡಿ ಅಪ್ಪಾ ಎಂದಾಗ ಕೇಳಿಸಿಯೂ ಕೇಳಿಸದ ಹಾಗೆ ಇದ್ದೆ, ಆ ಮಾತಿಗೆ ತಿರುಗಿದರೆ ಎಲ್ಲ ಬಿದ್ದುಹೋಗುತ್ತದೆ ಎಂದು. ಆದರೆ ಬಾಗಿಲು ಹಾಕಿಕೊಂಡು ನಿನ್ನ ಅತ್ತಿಗೆ ಪಿಸುಗುಟ್ಟಿದ್ದು ಹಿತ್ತಲಿಗೆ ಹೇಗೆ ಕೇಳಿಸಿತು ಎಂಬುದು ನನಗೂ ಗೊತ್ತಿಲ್ಲ. ನಟನೆ ಎಲ್ಲಿ ನಿಂತಿತು ಎಂದು ಹುಡುಕಿದರೆ ಸಿಗುತ್ತಿಲ್ಲ. ಆಸ್ಪತ್ರೆಯಲ್ಲಿದ್ದವನ ಹೆಂಡತಿಗೆ ಧೈರ್ಯ ಹೇಳೋಣ ಎಂದೇ ಬಾಯಿ ತೆರೆದದ್ದು. "ಇಲ್ಲ" ಎಂಬುದು ತಾನಾಗಿ ಬಂತು. ಆಮೇಲೆ ಎಲ್ಲವೂ ಹಾಗೆಯೇ, ನಾನು ಯೋಚಿಸುವ ಮುಂಚೆ ಮಾತು ನಾಲಿಗೆಯ ಮೇಲೆ ಬಂದು ಕೂತಿರುತ್ತದೆ. ನೀನು ಬಂದು ಸಾಕೇ ಎಂದಾಗ ಅರ್ಧ ಆಸೆಯಿಂದ ಸುಮ್ಮನಿದ್ದೆ, ಅರ್ಧ ಭಯದಿಂದ.

ಕಳೆದ ಭಾನುವಾರ ಜನರೆಲ್ಲ ಹೋದ ಮೇಲೆ ಕಡ್ಡಿ ಬಂದಳು. ಮನೆಯೊಳಗಿಂದ ಬರಲಿಲ್ಲ. ಹಿತ್ತಲಿನಿಂದ ಸುತ್ತಿಕೊಂಡು ಬೀದಿಯ ಕಡೆಯಿಂದ ಬಂದಳು. ತಲೆ ಬಾಚಿಕೊಂಡಿದ್ದಳು. ಎಲ್ಲರೂ ಬಿಡುವ ಜಾಗದಲ್ಲೇ ಚಪ್ಪಲಿ ಬಿಟ್ಟು, ಎಲ್ಲರೂ ನಿಲ್ಲುವ ಕಡೆಯೇ ನಿಂತು, ಕೈಮುಗಿದು ಕೇ‍ಳಿದಳು.

"ದೊಡ್ಡವರೇ, ನಮ್ಮ ಅಪ್ಪ ಯಾವಾಗ ವಾಪಸ್ ಬರ್ತಾರೆ?"

ಉತ್ತರ ನಾಲಿಗೆಯ ಮೇಲೆ ಬಂದೇಬಿಟ್ಟಿತ್ತು. ಏನೆಂದು ನನಗೆ ಗೊತ್ತು. ಬರೋದಿಲ್ಲ ಎಂದು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡೆ. ಅವಳು ಹೆದರಿ ಚಪ್ಪಲಿಯನ್ನೂ ಬಿಟ್ಟು ಓಡಿದಳು. ಅವತ್ತಿನಿಂದ ಬಾಯಿ ಬಿಟ್ಟಿಲ್ಲ. ಟವೆಲ್ ಕಟ್ಟಿಕೊಂಡಿದ್ದೇನೆ, ಹೆಂಡತಿಗೆ ಹಲ್ಲುನೋವು ಎಂದು ಸನ್ನೆ ಮಾಡಿದ್ದೇನೆ. ಗಂಜಿ ಕುಡಿಯುವಾಗಲೂ ಹಲ್ಲು ಕಚ್ಚಿಕೊಂಡಿರುತ್ತೇನೆ. ಬಿಟ್ಟರೆ ಆ ಮಾತು ಹೊರಗೆ ಬರುತ್ತದೆ. ಹೊರಗೆ ಬಂದ ಮಾತು ಇದುವರೆಗೆ ಒಂದೂ ಸುಳ್ಳಾಗಿಲ್ಲ.

ಕೈ ಇನ್ನೂ ನನ್ನ ಮಾತು ಕೇಳುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಅವತ್ತು ನೀನು ಕೇಳಿದ್ದಕ್ಕೆ ಉತ್ತರ ಬಾಕಿಯಿದೆ, ತೆಗೆದುಕೋ.

ಸಾಕು.

ಬೇಗ ಬಾರೇ.

ನಿನ್ನ ಅಣ್ಣ


ಆಗಸ್ಟ್ ೧೨

ಅತ್ತಿಗೆಗೆ ನಮಸ್ಕಾರ.

ಕ್ಷೇಮವಾಗಿ ತಲುಪಿದೆ. ರಜೆ ಕೇಳದೆ ಊರಿಗೆ ಬಂದಿದ್ದರೂ ಸ್ಟುಡಿಯೋದವರು ಕೆಲಸಕ್ಕೆ ವಾಪಸ್ ಸೇರಿಸಿಕೊಂಡಿದ್ದಾರೆ, ತಾತನ ಪಾತ್ರದವರು ನನ್ನ ಪರವಾಗಿ ಜಗಳವಾಡಿದರಂತೆ.

ಕೋಣೆಯೊಳಗೆ ನಡೆದದ್ದನ್ನು ನಿಮಗೆ ಪೂರ್ತಿ ಹೇಳಿಲ್ಲ. ನೀವು ಬಾಗಿಲಿನಾಚೆ ಕಡ್ಡಿಯನ್ನು ಅವುಚಿಕೊಂಡು ನಿಂತಿದ್ದಿರಿ. ಅವನು ಟವೆಲಿನಿಂದ ಬಾಯಿ ಕಟ್ಟಿಕೊಂಡೇ ಕೂತಿದ್ದ. ನಾನು ಸಾಕೇ ಎಂದು ಕೇಳಿದೆ. ಅವನು ತನ್ನ ಕಾಗದದಲ್ಲಿ ಬರೆದ ಆ ಮಾತಿನ ಮೇಲೆ ಬೆರಳಿಟ್ಟು ತೋರಿಸಿದ. ಬರೆದ ಮಾತು ಆಡಿದ ಮಾತಿಗೆ ಸಮವೇ ಎಂದು ಅಪ್ಪ ಎಂದೂ ಹೇಳಿಕೊಟ್ಟಿರಲಿಲ್ಲ. ಬಟ್ಟೆ ಅದ್ದುವಾಗ ಎಣ್ಣೆಯ ಬಟ್ಟಲು ನನ್ನ ಕೈಯಿಂದ ಜಾರಿತು, ಆ ಸದ್ದಿಗೇ ನೀವು ಕೂಗಿದ್ದು. ಒರೆಸಿದೆ. ಅಣ್ಣಾ ಎಂದೆ. ಟವೆಲ್ ಬಿಚ್ಚಿದೆ. ಅವನು ಬಾಯಿ ತೆರೆದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಅವನು ಕೇಳಿದ್ದು ನೀರು.

ಆದರೆ ಅತ್ತಿಗೆ, ಮಾರ್ಚಿನಲ್ಲಿ ನೀವು ನೋಡಿದಾಗ ಅಲ್ಲಿ ಏನೂ ಇರಲಿಲ್ಲ ಎಂದು ಬರೆದಿದ್ದಿರಿ. ನಾನೂ ಒರೆಸುವ ಮುಂಚೆ ನೋಡಿದೆ, ಏನೂ ಇರಲಿಲ್ಲ. ಒರೆಸಿದ ಮೇಲೆ ಬಟ್ಟೆಗೆ ಕೆಂಪು ಹತ್ತಿತ್ತು. ನಿಮಗೆ ಕಾಣಬಾರದೆಂದು ಮಡಿಸಿ ಬ್ಯಾಗಿಗೆ ಹಾಕಿಕೊಂಡೆ. ಅದು ಈಗ ಮೇಕಪ್ ರೂಮಿನ ನನ್ನ ಲಾಕರಿನಲ್ಲಿದೆ, ನಾನು ಆ ಲಾಕರು ತೆಗೆಯುತ್ತಿಲ್ಲ.

ಭಯದಲ್ಲಿ ತುಂಬ ಒತ್ತಿ ಒರೆಸಿದೆ. ಚರ್ಮ ತರಚಿ ರಕ್ತ ಬಂದಿರಬೇಕು. ಅವನ ಕಿವಿಯ ಹಿಂದೆ ಗಾಯ ಇದೆಯೇ ಎಂದು ನೋಡಿ ಬರೆಯಿರಿ. ಇದೆ ಎಂದೇ ಬರೆಯಿರಿ ಅತ್ತಿಗೆ.

ನಿಮ್ಮ ನಾದಿನಿ


ಆಗಸ್ಟ್ ೨೪

ನಾದಿನಿಗೆ ಆಶೀರ್ವಾದ.

ಮೊದಲು ಒಳ್ಳೆಯ ಸುದ್ದಿ. ನೀನು ಹೊರಟ ದಿನ ಕಡ್ಡಿ ದೂರ ನಿಂತು ಅಪ್ಪಾ ಎಂದು ಕರೆದಳು. ಓ ಅಂದರು. ಅವಳಿಗೆ ನಂಬಿಕೆ ಬರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಸುಮ್ಮಸುಮ್ಮನೆ ಅಪ್ಪಾ, ಅಪ್ಪಾ ಎಂದು ಪ್ರಾಣ ತಿಂದಳು. ಕೊನೆಗೆ ರೇಗಿ, ಏನೇ ನಿಂದು ರಗಳೆ ಎಂದು ಗದರಿದರು. ಬೈಸಿಕೊಂಡು ಅಷ್ಟು ಖುಷಿಪಟ್ಟ ಮಗುವನ್ನು ನಾನು ನೋಡಿಲ್ಲ, ಮನೆಯೆಲ್ಲ ಕುಣಿದಳು. ಸ್ಲೇಟನ್ನು ಮಾತ್ರ ಇನ್ನೂ ದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುತ್ತಾಳೆ.

ಮಣೆಯನ್ನು ಅವರೇ ಒಳಗೆ ಇಟ್ಟರು. ಜನ ಒಂದೆರಡು ದಿನ ಬಂದು ನೋಡಿದರು. ಏನು ಕೇಳಿದರೂ ನನಗೇನು ಗೊತ್ತು ಮಾರಾಯರೇ ಅನ್ನುತ್ತಿದ್ದರು. ಆಮೇಲೆ ಬರುವುದನ್ನು ಬಿಟ್ಟರು. ಬ್ಲೌಸುಗಳು ವಾಪಸ್ ಬರುತ್ತಿವೆ. ಇವರು ಮತ್ತೆ ಹಲಗೆ ಹೊರುತ್ತಿದ್ದಾರೆ.

ಮೊನ್ನೆ ಊಟದ ಡಬ್ಬಿ ಮರೆತು ಹೋಗಿದ್ದರು, ಕೊಡಲು ನಾನೇ ಮಿಲ್ಲಿಗೆ ಹೋದೆ. ಯಜಮಾನ ಆಫೀಸಿನ ಬಾಗಿಲಲ್ಲಿ ನಿಂತು "ಏಯ್, ಬಾರೋ ಇಲ್ಲಿ" ಎಂದು ಕೂಗಿದ. ಮೊದಲಿಗಿಂತ ಜೋರಾಗಿ ಕೂಗಿದ, ಹೆದರಿದ್ದಕ್ಕೆಲ್ಲ ಸೇಡು ತೀರಿಸಿಕೊಳ್ಳುವ ಹಾಗೆ. ನಿಮ್ಮಣ್ಣ ಹೆಗಲ ಮೇಲಿನ ಹಲಗೆ ಇಳಿಸಿ, ಮುಖ ಒರೆಸಿಕೊಂಡು, ಬಂದೆ ಎಂದು ಓಡಿದರು. ಅದನ್ನು ನೋಡಿ ನನಗೆ ಎಷ್ಟು ನೆಮ್ಮದಿಯಾಯಿತು ಅಂದರೆ ಅಲ್ಲೇ ಮರದ ದಿಮ್ಮಿಯ ಮೇಲೆ ಕೂತುಬಿಟ್ಟೆ. ಸದ್ಯ, ನನ್ನ ಗಂಡ ವಾಪಸ್ ಬಂದರು ಅನ್ನಿಸಿತು. ಆಮೇಲೆ ನನಗೆ ನೆಮ್ಮದಿ ತಂದದ್ದು ಏನು ಎಂದು ಹೊಳೆಯಿತು. ಡಬ್ಬಿಯನ್ನು ಅಲ್ಲೇ ಇಟ್ಟು, ಅವರ ಕಣ್ಣಿಗೆ ಬೀಳದೆ ಮನೆಗೆ ಬಂದುಬಿಟ್ಟೆ. ನಾಚಿಕೆಯಿಂದ ಎರಡು ದಿನ ಅವರ ಮುಖ ನೋಡಲಾಗಲಿಲ್ಲ. ಯಾಕೆ ಎಂದು ಅವರು ಕೇಳಲಿಲ್ಲ.

ಇನ್ನು ನೀನು ಕೇಳಿದ ವಿಷಯ. ಭಾನುವಾರ ಮತ್ತೆ ಎಣ್ಣೆ ಹಚ್ಚಿದೆ. ಕಿವಿ ಮಡಿಸಿ ಬೆಳಕಿನ ಕಡೆ ತಿರುಗಿಸಿ ನೋಡಿದೆ. ಗಾಯ ಇದೆ. ಹಾಗೆಂದೇ ಬರೆಯಿರಿ ಎಂದು ನೀನು ಅಂದಿದ್ದೆ, ಬರೆದಿದ್ದೇನೆ. ಆ ಬಟ್ಟೆಯನ್ನು ಸುಟ್ಟುಬಿಡು, ಮತ್ತೆ ನನ್ನನ್ನು ಕೇಳಬೇಡ.

ಮುಂದಿನ ವರ್ಷ ನೀನು ಬರೆಯುವಾಗ ನಾನು ಕೋಣೆಯೊಳಗೇ ನಿಂತಿರುತ್ತೇನೆ, ಯಾರು ಬೇಡ ಅಂದರೂ ಸರಿ. ಅಲ್ಲಿಯವರೆಗೆ ಫೋನಿನಲ್ಲಿ ಈ ಮಾತು ಎತ್ತಬೇಡ. ಏನಿದ್ದರೂ ಕಾಗದದಲ್ಲೇ ಬರೆ, ಅಂಗಡಿಯ ವಿಳಾಸಕ್ಕೆ.

ನಿನ್ನ ಅತ್ತಿಗೆ